ಕೆಂಪು ಬಟ್ಟೆ ಸುತ್ತಿದ ಹಿಡಿ

ಕೊಕ್ಕರೆ ಮತ್ತೆ ಎದ್ದಿತು, ಸೈಕಲ್ಲಿನ ಗಂಟೆಗೆ ಹೆದರಿ ಅಲ್ಲ, ಬೇಸರಕ್ಕೆ, ಕಾಲುವೆಯ ಮೇಲೆ ನಾಲ್ಕು ಮಾರು ಹಾರಿ ಅದೇ ದಂಡೆಯಲ್ಲಿ ಕೂತಿತು — ನಿನಗೂ ಈ ವಿನ್ನಿಗೂ ಒಂದೇ ದಾರಿ ಕಣೇ, ಏನು ಮಾಡೋಣ — ಹಿಂದೆ ಕುದುರೆಗಳು ದಂಡೆಯಲ್ಲಿ ನಡೆದು ಹಗ್ಗದಿಂದ ದೋಣಿ ಎಳೆದೂ ಎಳೆದೂ ಸವೆಸಿದ ದಾರಿ, ಸೇತುವೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೀರು, ಬೆರಳಿಟ್ಟರೆ ಒಳಗೆ ಕೂರುತ್ತದೆ, ಅರವತ್ತರ ಬೆರಳೂ ಕೂರುತ್ತದೆ, ಸೊಂಟದ ಹೊಸ ಕೀಲು ನೋಯುತ್ತಿಲ್ಲ, ಹಾಕಿದ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ, ಬುಟ್ಟಿಯಲ್ಲಿ ಓಟ್‌ಕೇಕ್ ಇನ್ನೂ ಬಿಸಿ, ಇನ್ನೆರಡೇ ಮೈಲಿ, ಹನ್ನೊಂದಕ್ಕೆ ಸೈಲಸ್‌ನ ಮಗಳು ಕಾರು ತಂದು ಅವನನ್ನು ಕಡಲತೀರದ ತನ್ನ ಮನೆಗೆ ಕರೆದೊಯ್ಯುತ್ತಾಳೆ, ತೊಂಬತ್ತೊಂದರ ಮನುಷ್ಯ ಮತ್ತೆ ಈ ಕಡೆ ಬರುವುದುಂಟೇ, ಅಷ್ಟರೊಳಗೆ ಹೇಳಿಬಿಡಬೇಕು, ಅವತ್ತಿನ ತಪ್ಪು ನಿಮ್ಮದಲ್ಲ, ನನ್ನದು.

ನಲವತ್ತೊಂದು ವರ್ಷ — ಹತ್ತೊಂಬತ್ತರ ಹುಡುಗಿ, ದೋಣಿಗಳನ್ನು ಏರಿಸಿ ಇಳಿಸುವ ಕಟ್ಟೆಯಲ್ಲಿ ಸೈಲಸ್‌ನ ಕೈಕೆಳಗೆ ಕೆಲಸಕ್ಕೆ ಸೇರಿ ಮೂರು ವಾರ, ತೂಬಿನ ಚಕ್ರಕ್ಕೆ ಕಬ್ಬಿಣದ ಹಿಡಿ ಸಿಕ್ಕಿಸು, ತಿರುಗಿಸು, ನೀರು ಬಿಡು, ದೋಣಿ ದಾಟಿದ ಮೇಲೆ ತೂಬು ಇಳಿಸು, ಹಿಡಿ ಮಾತ್ರ ಚಕ್ರದಲ್ಲಿ ಬಿಡಬೇಡ, ಗಿರ್ರಂತ ತಿರುಗಿದ್ರೆ ನಿನ್ ಹಲ್ಲು ನೀನೇ ಆರಿಸ್ಕೋಬೇಕಾಗುತ್ತೆ ನೋಡು, ಅದಕ್ಕೇ ತನ್ನ ಹಿಡಿಗೆ ಅಮ್ಮನ ಏಪ್ರನ್ನಿನ ಕೆಂಪು ಬಟ್ಟೆ ಸುತ್ತಿದ್ದಳು, ಮರೆಯಬಾರದೆಂದು, ಆ ಸಂಜೆ ಕೊನೆಯ ದೋಣಿಯಲ್ಲಿ ಗುಂಗುರುಗೂದಲಿನ ರೂಫಸ್, ಒಂದು ಲೋಟ ಚಹಾ ಕುಡೀತೀರಾ ಅಂದ, ಹೋದಳು, ತೂಬೂ ಮರೆತಳು, ಹಿಡಿಯೂ ಮರೆತಳು, ನೀರು ತಡೆಯುವ ಮೇಲಿನ ಬಾಗಿಲು ಮೊದಲೇ ಸೋರುಬುರುಕ, ರಾತ್ರಿಯಿಡೀ ನೀರು ತೂಬಿನಲ್ಲಿ ಹರಿದುಹೋಗಿತ್ತು, ಬೆಳಿಗ್ಗೆ ಬಂದರೆ ಕಟ್ಟೆಯ ಮೇಲಿನ ಕಾಲುವೆಯಲ್ಲಿ ನೀರೇ ಇಲ್ಲ, ಆರು ದೋಣಿ ಕೆಸರಿನಲ್ಲಿ ವಾಲಿ ಕೂತಿವೆ, ಬಾತುಕೋಳಿಗಳು ನಡೆದು ಹೋಗುತ್ತಿವೆ, ಅವಳಿಗಿಂತ ಮೊದಲೇ ಬಂದ ಸೈಲಸ್ ಕಟ್ಟೆಯ ಮೇಲೆ ನಿಂತಿದ್ದಾನೆ, ಯಾರ ಕೆಲಸ ಇದು ಅಂದ ಮೇಲ್ವಿಚಾರಕ, ನಂದೇ ಸ್ವಾಮಿ, ತೂಬು ಇಳಿಸೋದು ಮರೆತೇಬಿಟ್ಟೆ ಅಂದ ಸೈಲಸ್, ಪಾಪ, ನಿಜವಾಗಿಯೂ ತಾನೇ ಮರೆತೆ ಅಂದುಕೊಂಡನಲ್ಲ, ಚಕ್ರದಲ್ಲಿ ಹಿಡಿ ಇರಲಿಲ್ಲ, ಕೆಂಪು ಬಟ್ಟೆಯ ಸಮೇತ ನೀರಿಗೆ ಬಿದ್ದಿರಬೇಕು, ಅವತ್ತಿನಿಂದ ಅವನು ಬಿರಡೆ ಸೈಲಸ್, ಹಾದುಹೋಗುವ ಪ್ರತಿ ದೋಣಿಯಿಂದ, ಏನಪ್ಪಾ ಸೈಲಸ್, ಇವತ್ತು ಬಿರಡೆ ಹಾಕಿದೀಯಾ, ಅವನು ಟೋಪಿ ಎತ್ತಿ ನಗುವುದು, ಅವಳಿಗೆ ಕೆಲಸ ಉಳಿಯಿತು, ರೂಫಸ್ ಉಳಿದ, ಇಡೀ ಬದುಕು ಈ ದಂಡೆಯ ಮೇಲೆ ಉಳಿಯಿತು, ಎಷ್ಟು ಚೆಂದದ ಬದುಕು, ಆದರೂ ಬಾಯಿ ಬಿಡಲಿಲ್ಲ, ನಾಚಿಕೆಯಾಗಬೇಕು.

ಕಟ್ಟೆಮನೆ, ಪೆಟ್ಟಿಗೆಗಳು ಆಗಲೇ ಹೊರಗೆ, ಬಾರಮ್ಮ ವಿನ್ನಿ, ಚಹಾಕ್ಕೆ ಸರಿಯಾಗಿ ಬಂದೆ, ಸೈಕಲ್ಲು ಹಿಡಿದುಕೊಂಡೇ ಹೇಳಿಬಿಟ್ಟಳು, ಸೈಲಸ್, ಆ ತೂಬು ಬಿಟ್ಟು ಹೋದೋಳು ನಾನು, ನೀವಲ್ಲ, ಮುದುಕ ಲೋಟಕ್ಕೆ ಸಕ್ಕರೆ ಹಾಕುತ್ತಲೇ ಇದ್ದಾನೆ, ಇಷ್ಟು ಹೇಳೋಕೆ ಹೊಸ ಸೊಂಟ ಇಟ್ಕೊಂಡು ಅಷ್ಟು ದೂರ ತುಳಿದ್ಯಾ, ಒಳಗೆ ಹೋಗು, ಬಾಗಿಲ ಹಿಂದೆ ನಿಂದೊಂದು ವಸ್ತು ಇದೆ, ಪೆಟ್ಟಿಗೆಗೆ ಹಾಕೋಕೆ ಮನಸ್ಸಾಗಲಿಲ್ಲ — ಹೋದಳು, ಖಾಲಿ ಗೋಡೆ, ಚಿತ್ರಗಳಿದ್ದಲ್ಲಿ ಬಿಳಿ ಚೌಕಗಳು, ಬಾಗಿಲು ಸರಿಸಿದರೆ ಒಂದು ಮೊಳೆ, ಮೊಳೆಯಲ್ಲಿ ಎಣ್ಣೆ ಹಚ್ಚಿದ ಕಬ್ಬಿಣದ ಹಿಡಿ, ತುಕ್ಕಿಲ್ಲ, ಹಿಡಿಗೆ ಸುತ್ತಿದ ಕೆಂಪು ಬಟ್ಟೆ, ಕೆಂಪು ಬಟ್ಟೆ