ಹುರಿದ ಮಣ್ಣು

‘ನಿಮ್ಮ ಸೀಸೆಯ ಮಣ್ಣಿನಲ್ಲಿ ಯಾವ ಜೀವಿಯೂ ಬೆಳೆಯಲಿಲ್ಲ’ ಎಂಬ ಸಾಲನ್ನು ವೆಂಕಟಕೃಷ್ಣ ಮೂರನೆಯ ಸಲ ಓದಿದ. ಮೊದಲೆರಡು ಸಲ ಅದನ್ನು ಬರೆದ ಮದರಾಸಿನ ಡಾಕ್ಟರ ಮೂಗಿನ ದನಿಯಲ್ಲೇ ಓದಿದ್ದ, ಅಭ್ಯಾಸಬಲ. ಮೂರನೆಯ ಸಲ ಕಣ್ಣಿನಲ್ಲಷ್ಟೇ ಓದಿದ.

ಚೆಟ್ಟಳ್ಳಿಯಾಚೆಯ ಬಿಳಿ ದೊರೆಯೊಬ್ಬನ ಕಾಫಿ ತೋಟದಲ್ಲಿ ಅವನು ಲೆಕ್ಕ ಬರೆಯುವ ರೈಟರ್. ತಾನು ಬರೆದದ್ದೆಲ್ಲ ರೈಟೇ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ದೊರೆಯ ಕೆಮ್ಮು, ಮೇಸ್ತ್ರಿಯ ಬೈಗುಳ, ಅಂಚೆಯವನ ತೊದಲು ಎಲ್ಲವೂ ಅವನ ಗಂಟಲಲ್ಲಿ ಸಂಸಾರ ಹೂಡಿದ್ದವು. ನಗಲು ಹೆಂಡತಿ ಮೂಕಾಂಬಿಕಾ ಇದ್ದಳು. ಹೆಸರಲ್ಲಷ್ಟೇ ಮೂಕಿ, ಅವಳು ನಕ್ಕರೆ ಆಳುಗಳ ಲೈನ್ ಮನೆಗಳಿಗೂ ಕೇಳಿಸುತ್ತಿತ್ತು. ಎದೆಯಲ್ಲಿ ಗಂಟು ಕಾಣಿಸಿಕೊಂಡು ಅವಳು ಮೈಸೂರಿನ ಅಣ್ಣನ ಮನೆ ಸೇರಿ ನಾಲ್ಕು ತಿಂಗಳಾಗಿತ್ತು. ಗಂಟು ತೆಗೆಯಲೇಬೇಕು, ತಡಮಾಡಬಾರದು ಎಂದಿದ್ದರು ಅಲ್ಲಿನ ಆಸ್ಪತ್ರೆಯವರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಮದರಾಸಿನ ಡಾಕ್ಟರು ತೋಟ ತೋಟ ಸುತ್ತಿ, ಸೀಸೆ ಕೊಟ್ಟು ಮಣ್ಣು ಕೇಳುತ್ತಿದ್ದರು. ಮಣ್ಣೊಳಗಿನ ಕಣ್ಣಿಗೆ ಕಾಣದ ಜೀವಿಗಳು ಒಂದು ಬಗೆಯ ರಸ ಬಿಡುತ್ತವಂತೆ. ಅದು ಕ್ಯಾನ್ಸರಿನ ಗಂಟನ್ನು ತಡೆದೀತೇ ಎಂದು ಹುಡುಕಾಟ. ಸಿಕ್ಕರೂ ಮದ್ದಾಗಲು ಎಷ್ಟೋ ವರ್ಷ ಬೇಕು ಎಂದು ಅವರೇ ಹೇಳಿದ್ದರು. ವೆಂಕಟಕೃಷ್ಣ ಮೈಸೂರಿಗೆ ಹೋದಾಗ ಎಲ್ಲವನ್ನೂ ಡಾಕ್ಟರ ದನಿಯಲ್ಲೇ ಹೆಂಡತಿಗೆ ಒಪ್ಪಿಸಿದ. ಬಹಳ ದಿನದ ಮೇಲೆ ಅವಳು ನಕ್ಕಳು. ಆ ನಗು ನಿಲ್ಲದಿರಲೆಂದು, ಡಾಕ್ಟರು ಆಡದ ಒಂದು ಮಾತನ್ನೂ ಅದೇ ದನಿಯಲ್ಲಿ ಸೇರಿಸಿದ: “ನಿಮ್ಮ ಹಿತ್ತಿಲ ಮಣ್ಣಲ್ಲೇ ಇರುತ್ತೆ. ಆರೇ ಮಾಸಂ ಅಮ್ಮಾ, ಮದ್ದು ರೆಡಿ.”

ಅಲ್ಲಿಗೆ ಅವಳು ಆಪರೇಷನ್ ಒಲ್ಲೆನೆಂದಳು. “ಮಣ್ಣಿನ ಕಾಗದ ಬರ್ಲಿ. ಆಮೇಲೆ ಕತ್ತಿ.”

ಈಗ ಕಾಗದ ಬಂದಿತ್ತು.

ಸೀಸೆ ತುಂಬಿದ್ದವಳು ಕಣದಲ್ಲಿ ಕಾಫಿ ಒಣಗಿಸುವ ಜವರಿ. ಅವಳನ್ನು ಕರೆಸಿದ.

“ಹಿತ್ಲ ಮಣ್ಣೇ ತಾನೆ ತುಂಬಿದ್ದು?”

“ಹೂಂ ಅಯ್ಯ. ಅಮ್ಮೋರು ದಾಸವಾಳ ನೆಟ್ಟಿದ್ರಲ್ಲ, ಅದ್ರ ಬುಡದ್ದು. ಸಣ್ಣ ಬೆಂಕೀಲಿ ಚೆನ್ನಾಗ್ ಉರಿದು, ಆರ್ಸಿ, ಜರಡಿ ಹಿಡ್ದು ಹಾಕ್ದೆ.”

“ಹುರಿದ್ಯಾ?”

“ನೀವೇ ಯೇಳಿದ್ರಲ್ಲ. ಆ ಡಾಕ್ಟ್ರ ತರ ಮೂಗೆಳ್ಕಂಡು, ‘ಉಯಿರ್ ಬೇಕು, ಉಯಿರ್ ಬೇಕು’ ಅಂತ.” ಅವಳು ಅವನ ಅಣಕವನ್ನು ಅಣಕಿಸಿದಳು, ಚೆನ್ನಾಗಿಯೇ ಇತ್ತು. “ಬಸ್ರಿ ಹೆಂಗಸ್ರಿಗೆ ಮಣ್ಣು ಉರಿದು ಕೊಡಲ್ವ? ಅಂಗೇ ಇದೂ ಮದ್ದಿಗೆ ಅನ್ಕಂಡೆ.”

ಉಯಿರ್ ಎಂದರೆ ತಮಿಳಿನಲ್ಲಿ ಜೀವ. ಜವರಿಯ ಕಿವಿಗೆ ಅದು ‘ಉರಿಬೇಕು’, ಹುರಿಯಬೇಕು, ಎಂದು ಬಿದ್ದಿತ್ತು. ಜೀವವಿರುವ ಹಸಿ ಮಣ್ಣು ಬೇಕೆಂದಿದ್ದರು ಡಾಕ್ಟರು. ಅದನ್ನು ಜವರಿಗೆ ತನ್ನ ಬಾಯಲ್ಲಿ, ಕನ್ನಡದಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು.

“ಕೆಟ್ಟೋಯ್ತಾ ಅಯ್ಯ?” ಜವರಿಯ ಮುಖ ಚಿಕ್ಕದಾಯಿತು. “ಒಂದು ಹುಳ ಉಳಿಯಕ್ಕೆ ಬಿಡ್ನಿಲ್ಲ ನಾನು.”

“ಇಲ್ಲ. ತುಂಬ ಚೊಕ್ಕವಾಗಿತ್ತು ಅಂತ ಬರ್ದಿದಾರೆ.”

“ಅಂಗಾರೆ ಅಮ್ಮೋರು ಬೇಗ ಬತ್ತಾರೆ ಬುಡಿ,” ಎಂದು ಅವಳು ಕಣಕ್ಕೆ ಹೊರಟಳು.

ಹೊಸ ಮಣ್ಣು ಅಗೆದು ಕಳಿಸಬಹುದಿತ್ತು. ಹುರಿದ ತಪ್ಪು ಅದರಿಂದ ಸರಿಹೋಗುತ್ತಿತ್ತು. ಆದರೆ ಆರು ತಿಂಗಳೆಂಬ ಮಾತು ಜವರಿಯದೂ ಅಲ್ಲ, ಡಾಕ್ಟರದೂ ಅಲ್ಲ. ಅದು ತನ್ನದೆಂದು ಕಾಗದದಲ್ಲಿ ಬರೆದರೆ ಇದೂ ಒಂದು ತಮಾಷೆಯೆಂದು ಮೂಕಾಂಬಿಕಾ ನಕ್ಕಾಳು. ನಾಳೆ ಬೆಳಗಿನ ಬಸ್ಸಿಗೆ ತಾನೇ ಹೋಗಬೇಕು.

ಕೈಚೀಲಕ್ಕೆ ಬಟ್ಟೆ ತುಂಬಿಟ್ಟು ಜಗಲಿಯ ಮೇಲೆ ಕೂತ. ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ ನೋಡಿದ. ಅದು ಡಾಕ್ಟರ ಮೂಗಿನಿಂದ ಬಂತು. ಕೆಮ್ಮಿ ಮತ್ತೆ ಹೇಳಿದ. ಕೆಮ್ಮು ದೊರೆಯದಾಗಿ, ಮಾತೂ ದೊರೆಯದೇ ಆಯಿತು. ಸಂಜೆಯ ಬಿಸಿಲು ಸಿಲ್ವರ್ ಓಕ್ ಮರಗಳ ನಡುವೆ ಕೆಳಗಿಳಿಯುವವರೆಗೂ ಒಬ್ಬೊಬ್ಬರನ್ನೇ ಗಂಟಲಿನಿಂದ ಆಚೆ ಕಳಿಸುತ್ತ ಹೋದ. ಕೊನೆಗೆ ತೆಳ್ಳಗಿನ, ಒಡಕು ದನಿಯೊಂದು ಉಳಿಯಿತು.

“ಆರು ತಿಂಗಳು ಅಂದದ್ದು ನಾನು, ಮೂಕಾಂಬಿ. ಆಪರೇಷನ್ ಮಾಡಿಸ್ಕೊ.”

ಅಂಗಳದಲ್ಲಿ ಮಲಗಿದ್ದ ಮನೆಯ ನಾಯಿ ತಟ್ಟನೆ ಎದ್ದಿತು. ಕಿವಿ ನಿಮಿರಿಸಿ ಜಗಲಿಯ ಕಡೆ ನೋಡಿ, ಯಾರೋ ಹೊಸಬರು ಬಂದಂತೆ ಬೊಗಳತೊಡಗಿತು.