ಫ್ಲಾಶ್ ಇಲ್ಲದ ಕ್ಯಾಮೆರಾ

ಕ್ಯಾಮೆರಾ ಕೊಳ್ಳಲು ಹೊನ್ನಾವರಕ್ಕೆ ಹೋದ ದಿನವೇ ಸ್ಟುಡಿಯೋದ ಶ್ರೀಧರ, ಮಾವಳ್ಳಿಯ ನಿತ್ಯಾನಂದನಿಗೆ ಬುದ್ಧಿ ಹೇಳಿದ್ದ. ಹೊಸಬನಿಗೆ ಫ್ಲಾಶ್ ಒಳಗೇ ಇರುವ ಸಣ್ಣ ಕ್ಯಾಮೆರಾ ಸಾಕು, ಒತ್ತಿದರೆ ಆಯಿತು, ಮದುವೆ ಮನೆಗಳಲ್ಲಿ ಅನ್ನ ಹುಟ್ಟುತ್ತದೆ ಎಂದಿದ್ದ. ನಿತ್ಯಾನಂದನ ಕಣ್ಣು ಕಪಾಟಿನ ಮೂಲೆಯ ಹಳೆಯ, ಭಾರದ ಕ್ಯಾಮೆರಾದ ಮೇಲೆಯೇ ಇತ್ತು. ಎಲ್ಲವನ್ನೂ ಕೈಯಿಂದ ತಿರುಗಿಸಿ ಹೊಂದಿಸಬೇಕು. ಆದರೆ ಅದರ ಅಗಲ ಬಾಯಿಯ ಲೆನ್ಸು ಮಬ್ಬಿನಲ್ಲೂ ಚಿತ್ರ ಹಿಡಿಯುತ್ತಿತ್ತು. ಕೈಯಲ್ಲಿದ್ದುದನ್ನೆಲ್ಲ ಅದಕ್ಕೇ ಸುರಿದ. ಫ್ಲಾಶನ್ನು ಮೊದಲ ಮದುವೆಯ ಗಳಿಕೆಯಲ್ಲಿ ತಂದರಾಯಿತು ಅಂದುಕೊಂಡ. ೧೯೯೮ರ ಮಾತು ಅದು.

ಮೊದಲ ಕರೆ ಬಂದದ್ದು ಮದುವೆ ಮನೆಯಿಂದಲ್ಲ. ಕೇರಿಯ ಶನಿಯಾರನ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವನದೊಂದು ಪಟವೂ ಇರಲಿಲ್ಲ. ಲಗ್ನದ ಕಾಲವಾದ್ದರಿಂದ ಸ್ಟುಡಿಯೋದವರು ಯಾರೂ ಸಿಗಲಿಲ್ಲ. ನಿತ್ಯಾನಂದ ಹೋದ. ಒಳಗೆ ಕತ್ತಲು. ಮಾಡಿನ ಗಾಜಿನ ಹಂಚಿನಿಂದ ಬೀಳುವ ಬೆಳಕಿನ ಕೆಳಕ್ಕೆ ಹೆಣವನ್ನು ಸರಿಸಲು ಹೇಳಿ, ನೆರಳಿದ್ದ ಕೆನ್ನೆಯ ಕಡೆ ಬಿಳಿ ಪಂಚೆ ಹಿಡಿಸಿ, ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಶಟರನ್ನು ತೀರ ನಿಧಾನಕ್ಕೆ ಇಟ್ಟು ತೆಗೆದ. ಮುದುಕ ಊಟ ಮಾಡಿ ಮಲಗಿದ ಹಾಗಿದ್ದಾನೆ ಎಂದು ಜನ ಹೊಗಳಿದರು. ಅಲ್ಲಿಗೆ ಅವನ ಹಣೆಬರಹ ಗಟ್ಟಿಯಾಯಿತು. ಸುತ್ತ ಎಲ್ಲಿ ಸಾವಾದರೂ ಅವನಿಗೇ ಕರೆ. ಯಾವ ಹೊತ್ತಿಗೆ ಯಾವ ಬಾಗಿಲಿಂದ ಎಷ್ಟು ಬೆಳಕು ಬರುತ್ತದೆಂಬುದು ಅವನಿಗೆ ಕರಗತವಾಯಿತು. ಆದರೆ ಹೆಣದ ಪಟ ತೆಗೆದ ಕ್ಯಾಮೆರಾವನ್ನು ಮದುಮಗಳ ಎದುರು ಯಾರು ತರಿಸುತ್ತಾರೆ?

ಸೋದರಮಾವ ದೇವರಾಜನ ಮಗಳು ಸಂಗೀತಾಳ ಲಗ್ನ ನಿಶ್ಚಯವಾದಾಗ ಅವನಿಗೆ ಆಸೆ ಹುಟ್ಟಿತು. ಸ್ವಂತ ಮಾವನೇ ಕರೆದರೆ ಊರಿನವರ ಬಾಯಿ ತಾನಾಗಿ ಮುಚ್ಚುತ್ತದೆ. ದೇವರಾಜ ಮನೆತನಕ ಬಂದು ಲಗ್ನದ ಕಾಗದ ಕೊಟ್ಟ, ಚಾ ಕುಡಿದ, ಏಳುವಾಗ ಸ್ವಂತ ಮಗನಿಗೆ ಹೇಳುವಷ್ಟು ಪ್ರೀತಿಯಿಂದಲೇ ಹೇಳಿದ: "ಊಟಕ್ಕೆ ತಪ್ಪಿಸ್ಬೇಡ ಮಾರಾಯ. ಅದೊಂದನ್ನ ಮನೇಲೇ ಇಟ್ಟು ಬಾ."

ಲಗ್ನದ ಮುನ್ನಾದಿನ ಮಾಸ್ತಮ್ಮ ಹೇಳಿಕಳಿಸಿದಳು. ಆಕೆ ದೇವರಾಜನ ಚಿಕ್ಕಮ್ಮ, ಆ ಕುಟುಂಬಕ್ಕೆಲ್ಲ ಹಿರಿಯಳು, ಚಪ್ಪರ ಹಾಕಿದ ಮನೆಯ ಪಕ್ಕದಲ್ಲೇ ಒಬ್ಬಳೇ ಇದ್ದವಳು. ಪಟ ತೆಗೆಯಬೇಕಂತೆ.

"ಸತ್ತಮೇಲೆ ನೀ ಹೆಂಗೂ ಬತ್ತೆ, ತಮಾ," ಅಂದಳು. "ಆಗ ಚಂದ ಬಂತಾ ಇಲ್ವಾ ಅಂತ ನಾ ನೋಡೂಕೆ ಆಗ್ತದ್ಯಾ? ಈಗ್ಲೇ ತೆಗಿ."

ಅಭ್ಯಾಸದಂತೆ ಗಾಜಿನ ಹಂಚಿನ ಕೆಳಗೆ ಕೂರಿಸಿದ. ಮುದುಕಿ ಎಲೆಯಡಿಕೆಯ ಕವಳ ಜಗಿಯುವುದನ್ನು ಬಿಡಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಒಂದೆರಡು ತೆಗೆಯುವಷ್ಟರಲ್ಲಿ ಅವನಿಗೆ ಹೊಳೆಯಿತು: ತಾನು ಕಲಿತದ್ದೆಲ್ಲ ಅಲ್ಲಾಡದವರ ಮೇಲೆ. ಈ ನಿಧಾನದ ಶಟರಿಗೆ ಜೀವವಿರುವವರು ಬರಿಯ ಮಸುಕು. ಆಕೆಯನ್ನು ಅಂಗಳಕ್ಕೆ ಕರೆತಂದು ಬಿಸಿಲಿನ ಅಂಚಿನಲ್ಲಿ ಕೂರಿಸಿ, ಶಟರಿನ ವೇಗ ಏರಿಸಿದ.

ಅಷ್ಟರಲ್ಲಿ ದೇವರಾಜ ಓಡಿಬಂದ. ಹಿಂದೆ ಮನೆಯ ಹೆಂಗಸರು, ಅವರ ನಡುವೆ ಕೈತುಂಬ ಹಸಿರು ಬಳೆಯ ಸಂಗೀತಾ. ನಿತ್ಯಾನಂದ ಕ್ಯಾಮೆರಾ ಹಿಡಿದು ಮಾಸ್ತಮ್ಮನ ಮನೆ ಹೊಕ್ಕದ್ದನ್ನು ಯಾರೋ ನೋಡಿದ್ದರು. ಮುದುಕಿ ಹೋದಳೆಂದರೆ ಕುಟುಂಬಕ್ಕೆಲ್ಲ ಸೂತಕ, ಲಗ್ನ ನಿಂತ ಹಾಗೆಯೇ. ಆಕೆ ಕವಳ ಜಗಿಯುತ್ತ ಕೂತದ್ದನ್ನು ಕಂಡು ದೇವರಾಜನ ಹೆದರಿಕೆ ಸಿಟ್ಟಾಗಿ ಹೊರಳಿತು. ನಾಳೆ ಮುಗಿಯುವ ತನಕ ಆ ಶನಿಯನ್ನು ಹೊರಗೆ ತೆಗೆಯಬೇಡ ಎಂದು ಅಳಿಯನಿಗೆ ಗದರಿದ.

"ನಾ ಬದುಕಿದ್ದಕ್ಕೆ ನಿಂಗೆ ಇಷ್ಟು ಸಿಟ್ಟೇನೋ?" ಎಂದು ಮುದುಕಿ ಕೇಳಿದಳು. ಹೆಂಗಸರು ನಕ್ಕರು.

ಆ ನಗುವಿನ ನಡುವೆ ಸಂಗೀತಾ ಬಂದು ಅಜ್ಜಿಯ ಪಕ್ಕ ಕೂತುಬಿಟ್ಟಳು. "ಬಾವ, ನಮ್ಮಿಬ್ರದ್ದೂ ಒಂದು ತೆಗಿ."

ದೇವರಾಜ ಏಳು ಅಂದ. ಅವಳು ಏಳಲಿಲ್ಲ. ನಿತ್ಯಾನಂದ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಬೆಳಕು ಹದವಾಗಿತ್ತು, ಇಬ್ಬರ ಮುಖವೂ ಕೂದಲೆಳೆ ಬಿಡದಂತೆ ಕಾಣುತ್ತಿತ್ತು. ಅವನು ವರ್ಷಗಟ್ಟಲೆ ಕಾದ ಪಟ ಇದೇ. ಒತ್ತಬಹುದಿತ್ತು. ಆದರೆ ನಾಳೆ ಅವಳ ಗಂಡನಿಗೆ ಜ್ವರ ಬಂದರೂ, ಬಸಿರು ತಡವಾದರೂ, ಅತ್ತೆ ಮುನಿದರೂ, ಊರು ಬೆರಳು ತೋರಿಸುವುದು ಈ ಕ್ಯಾಮೆರಾದ ಕಡೆಗೇ. ಬೈಗುಳ ಅವನಿಗಷ್ಟೇ ಬಂದರೆ ಸಹಿಸುತ್ತಿದ್ದ. ಅವಳ ಬಾಳಿಗೂ ಅದು ಅಂಟುತ್ತಿತ್ತು.

"ರೋಲು ಮುಗೀತು," ಅಂದ.

ಸಂಗೀತಾ ಅವನನ್ನೇ ಒಂದು ಗಳಿಗೆ ನೋಡಿ ಎದ್ದುಹೋದಳು. ದೇವರಾಜ ಹಗುರಾಗಿ ಅವನ ಹೆಗಲು ತಟ್ಟಿದ. ನಾಳೆ ಬೇಗ ಬಾ, ಬಡಿಸುವುದಕ್ಕೆ ಜನ ಕಡಿಮೆ ಅಂದ. ಅಂಗಳ ಖಾಲಿಯಾಯಿತು.

"ಖರೇ ಮುಗೀತಾ?" ಮಾಸ್ತಮ್ಮ ಕೇಳಿದಳು.

ನಿತ್ಯಾನಂದ ಇಲ್ಲವೆಂದು ತಲೆಯಾಡಿಸಿ, ಮುಖವನ್ನು ಸ್ವಲ್ಪ ಬೆಳಕಿನ ಕಡೆ ತಿರುಗಿಸಲು ಹೇಳಿದ. ಆಕೆ ತಿರುಗಿಸಿದಳು. ಯಾವುದೋ ಯೋಚನೆಗೆ ಬಿದ್ದು ಕವಳ ಜಗಿಯುವುದನ್ನೂ ನಿಲ್ಲಿಸಿದಳು. ಲೆನ್ಸಿನೊಳಗೆ ಕಂಡದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಎಷ್ಟೋ ಸಾವಿನ ಮನೆಗಳಲ್ಲಿ ನೋಡಿದ್ದು.

"ಅಜ್ಜಿ, ಎಂತಾದ್ರೂ ಮಾತಾಡು," ಅಂದ.

"ಎಂತ ಮಾತಾಡೂದು? ನಿನ್ನ ಮಾವನ್ನ ಬಯ್ಲಾ?"

"ಬಯ್ಯಿ."

ಆಕೆ ಬಾಯಿ ತೆರೆದಳು. ಅವನು ಒತ್ತಿದ.