ಹಿಂದಕ್ಕೆ ಜಾರಿದ ಬಸ್ಸು

ಅಪಘಾತವೆಂದರೆ ಸಾಕು, ಪೊಲೀಸರ ಲೇಖನಿಯಿಂದ ‘ಅತಿವೇಗ ಮತ್ತು ಅಜಾಗರೂಕತೆ’ ತಾನಾಗಿಯೇ ಇಳಿಯುತ್ತದೆ. ನಿಂತ ಬಸ್ಸಿಗೆ ದನ ಬಂದು ಗುದ್ದಿದರೂ ಅವರು ಬರೆಯುವುದು ಅದನ್ನೇ. ಎಪ್ಪತ್ತೆಂಟನೆಯ ಇಸವಿಯಲ್ಲಿ ಸುಭಾಷಿಣಿಯ ಗಂಡ ರಾಮದಾಸ ಸತ್ತಾಗಲೂ ಹಾಗೆಯೇ ಆಯಿತು. ಡ್ರೈವರ್ ಕೂಸಪ್ಪ ಪರ್ಕಳದ ಏರಿನಲ್ಲಿ ಬಸ್ಸನ್ನು ಅತಿವೇಗದಿಂದ ಓಡಿಸಿದನಂತೆ. ಅದು ರುಜುವಾತಾದರೆ ಅವನಿಗೆ ಜೈಲು.

ಸುಭಾಷಿಣಿ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗಂಡ ಹೋಗಿ ವರ್ಷವಾದರೂ ಅವಳಿಗೆ ಅಳು ಬಂದಿರಲಿಲ್ಲ. ದುಃಖವಿಲ್ಲವೆಂದಲ್ಲ, ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಉಣ್ಣುತ್ತಿದ್ದಳು, ಪಾಠ ಮಾಡುತ್ತಿದ್ದಳು. ಎಷ್ಟು ಬೇಗ ಹೋಗುತ್ತದೆ ಎನ್ನುವುದು ಜವ, ಯಾವ ದಿಕ್ಕಿಗೆ ಎನ್ನುವುದೂ ಸೇರಿದರೆ ವೇಗ, ದಿಕ್ಕು ಬರೆಯದಿದ್ದರೆ ಅರ್ಧ ಅಂಕ ಹೋಯಿತು ಎಂದು ಮಕ್ಕಳನ್ನು ಮೊದಲಿನಂತೆಯೇ ಗದರಿಸುತ್ತಿದ್ದಳು.

ಸಾಕ್ಷಿ ಹೇಳುವ ದಿನ ಉಡುಪಿಯ ಕೋರ್ಟಿನ ಜಗಲಿಯಲ್ಲಿ ಭಾವ ಹಯಗ್ರೀವ ಹತ್ತಿರ ಬಂದು, “ಬಸ್ಸು ಜೋರಿತ್ತು ಅಂತ ಒಂದು ಮಾತು ಹೇಳು, ಸಾಕು. ನನ್ನ ತಮ್ಮ ಸುಮ್ಮನೆ ಸತ್ತದ್ದಾ?” ಎಂದ. ಅವನ ಕಣ್ಣು ಕೆಂಪಾಗಿತ್ತು. ಅಳಲು ಬರುವವರನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು.

“ಬಸ್ಸು ಎಷ್ಟು ಜೋರಿತ್ತು?” ಸರಕಾರಿ ವಕೀಲರು ಕೇಳಿದರು.

“ಜೋರು ಇರಲಿಲ್ಲ. ಮನುಷ್ಯ ನಡೆಯುವಷ್ಟು. ಆದರೆ ಹಿಂದಕ್ಕೆ.”

“ಹಿಂದಕ್ಕೋ ಮುಂದಕ್ಕೋ, ಅದು ಅಷ್ಟು ಮುಖ್ಯವಾ?”

“ಮುಖ್ಯ. ಅಷ್ಟೇ ಜವದಲ್ಲಿ ಮುಂದಕ್ಕೆ ಹೋಗಿದ್ದರೆ ಎಲ್ಲರೂ ಕಾರ್ಕಳ ಮುಟ್ಟುತ್ತಿದ್ದೆವು. ಹಿಂದೆ ಕಂದಕ ಇತ್ತು.”

ಉಳಿದದ್ದನ್ನೂ ಅವಳು ಹಾಜರಿ ಕೂಗುವ ಸ್ವರದಲ್ಲೇ ಹೇಳಿದಳು. ಏರಿನಲ್ಲಿ ಇಂಜಿನ್ ಬಿಸಿಯಾಗಿ ಬಸ್ಸು ನಿಂತಿತು. ಕ್ಲೀನರ್ ನೀರು ತರಲು ಹೋದ. ಅಂಥ ಕಡೆ ಗಂಡಸರೆಲ್ಲ ಇಳಿಯುವುದು, ಹೆಂಗಸರು ಕೂತೇ ಇರುವುದು ರೂಢಿ, ರಾಮದಾಸನೂ ಇಳಿದ. ಅಷ್ಟರಲ್ಲಿ ಬ್ರೇಕು ಬಿಟ್ಟುಹೋಯಿತು. ಕೂಸಪ್ಪ ಪೆಡಲಿನ ಮೇಲೆ ಎದ್ದು ನಿಂತು ಒದ್ದಾಡಿದ, ಬಸ್ಸು ಕೇಳಲಿಲ್ಲ. ರಾಮದಾಸ ರಸ್ತೆಬದಿಯ ಕಲ್ಲೊಂದನ್ನು ಎತ್ತಿ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟ. ಚಕ್ರ ಕಲ್ಲನ್ನು ತಳ್ಳಿತು. ಅವನು ಕೈ ಬಿಡಲಿಲ್ಲ. ಬಸ್ಸು ನಿಂತದ್ದು ಅವನ ಮೇಲೆ.

ಹಯಗ್ರೀವ ಮುಖ ತಿರುಗಿಸಿಕೊಂಡ. ಸರಕಾರಿ ವಕೀಲರಿಗೆ ಮಾತ್ರ ತಮ್ಮ ಸಾಕ್ಷಿಯೇ ಕೈ ಕೊಟ್ಟ ಸಿಟ್ಟು.

“ನಡೆಯುವಷ್ಟೇ ಅಂತೀರಿ. ಹಾಗಾದರೆ ನಿಮ್ಮ ಯಜಮಾನರಿಗೆ ಪಕ್ಕಕ್ಕೆ ಸರಿಯಲಿಕ್ಕೆ ಸಮಯ ಇತ್ತಲ್ವಾ?”

“ಇತ್ತು.”

“ಮತ್ತೆ ಎಂತಕ್ಕೆ ಸರಿಯಲಿಲ್ಲ?”

“ಬಸ್ಸಿನೊಳಗೆ ನಾನಿದ್ದೆ,” ಎಂದಳು.

ಗುಮಾಸ್ತ ಅದನ್ನೂ ಬರೆದುಕೊಂಡ. ಆರೋಪಿಯ ಕಟಕಟೆಯಲ್ಲಿ ಕೂಸಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವಳ ಕಣ್ಣು ಒಣಗಿಯೇ ಇತ್ತು. ಇನ್ನೇನಾದರೂ ಕೇಳುವುದುಂಟೋ ಎಂದು ಅವಳು ವಕೀಲರ ಮುಖ ನೋಡುತ್ತ ನಿಂತಳು.